ಮುಂದಿನ ದೀಪಾವಳಿಯವರೆಗೆ

ಮುಂಬೈಯ ನಮ್ಮ ಚಾಳಿನಲ್ಲಿ ಕಸ್ತೂರಿಬಾಯಿಯನ್ನು ಕಂಡರೆ ಎಲ್ಲರಿಗೂ ಪ್ರೀತಿ ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಲ್ಲಿಯ ಹತ್ತಿರ ಅವಳ ಬಾಯಿಗೆ ಸಿಕ್ಕವರು ವಾರಗಟ್ಟಲೆ ಅವಳ ಮುಖ ನೋಡುತ್ತಿರಲಿಲ್ಲ. ಆದರೆ ಯಾರ ಮನೆಯಲ್ಲಾದರೂ ಸಾವಾದರೆ, ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಮೊದಲು ಬಡಿಯುವುದು ಅವಳ ಬಾಗಿಲನ್ನೇ. ನಾನು ಅವಳ ಪಕ್ಕದ ಬಾಗಿಲಿನವಳು, ರಂಜನಾ. ಊರು ಕಾಪು ಕಡೆ. ಮನೆಯಲ್ಲೇ ಕೂತು ಬ್ಲೌಸು ಹೊಲಿಯುತ್ತೇನೆ. ಅವಳು ವಿಜಯಪುರದ ಇಂಡಿ ಕಡೆಯವಳು. ನನ್ನ ಕನ್ನಡ ಅವಳಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು, ಅವಳ ಕನ್ನಡ ನನಗೆ ಜಗಳ ತೆಗೆದ ಹಾಗೆ. ಒಗ್ಗಿಕೊಳ್ಳಲು ಇಬ್ಬರಿಗೂ ಸಾಕಷ್ಟು ಕಾಲ ಹಿಡಿಯಿತು.

ಜೋಗೇಶ್ವರಿ ಸ್ಟೇಷನ್ನಿನ ಹತ್ತಿರದ ಒಂದು ಲಾಡ್ಜಿನಲ್ಲಿ ಕೋಣೆ ಗುಡಿಸಿ ಒರೆಸುವುದು ಅವಳ ಕೆಲಸ. ಗಂಡ ಅಣವೀರಪ್ಪ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ತೀರಿಕೊಂಡ ವರ್ಷ ಅಲ್ಲಿಗೆ ಸೇರಿದವಳು. ಮಗ ಈಶ್ವರ ದೊಡ್ಡವನಾಗಿ ವಿಕ್ರೋಳಿಯ ಕಂಪನಿಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹತ್ತಿದ ಮೇಲೂ ಬಿಡಲಿಲ್ಲ. ಜನ ಎದ್ದು ಹೋದ ಹಾಸಿಗೆಯ ಚಾದರ ಎಳೆದು ಹೊಸದು ಹಾಸುವುದು, ಬಚ್ಚಲು ಉಜ್ಜುವುದು, ಕನ್ನಡಿ ಒರೆಸುವುದು. ಅಷ್ಟು ವರ್ಷ ಹಾಸಿದ ಮಂಚದ ಮೇಲೆ ಒಂದು ಸಲವೂ ಕೂತವಳಲ್ಲ. ಕೆಲಸದವರು ಕೂರಬಾರದು ಎಂದು ಅಲ್ಲಿ ಯಾರೂ ಹೇಳಬೇಕಾಗಿರಲಿಲ್ಲ.

ಅವಳ ಬಾಯಿ ಯಾಕೆ ಅಷ್ಟು ಹರಿತ ಎಂದು ನನಗೆ ತಿಳಿದದ್ದು ತಡವಾಗಿ. ಮದುವೆಯಾಗಿ ಅವಳು ಬಂದದ್ದು ಇದೇ ಚಾಳಿನ ಇದೇ ಒಂದು ಕೋಣೆಗೆ. ಸೋಬಾನದ ರಾತ್ರಿ ನಡುವೆ ಒಂದು ಸೀರೆ ಕಟ್ಟಿದ್ದರಂತೆ. ಸೀರೆಯ ಆಚೆ ಅತ್ತೆ ನಾಗವ್ವ ಮತ್ತು ಮೈದುನ, ಈಚೆ ಇವಳು ಮತ್ತು ಇನ್ನೂ ಸರಿಯಾಗಿ ಮುಖ ನೋಡಿರದ ಗಂಡ. ಉಸಿರು ಬಿಡಲೂ ಹೆದರಿ ಬೆಳಗು ಮಾಡಿದಳು. ಮರುದಿನ ನಲ್ಲಿಯ ಸಾಲಿನಲ್ಲಿ ನಾಗವ್ವ ಏನೋ ಒಂದು ಮಾತು ಆಡಿದಳು. ಅದೇನೆಂದು ಕಸ್ತೂರಿ ನನಗೆ ಯಾವತ್ತೂ ಹೇಳಲಿಲ್ಲ.

"ಅವತ್ತ ಎಲ್ಲಾರೂ ನಕ್ಕರು ರಂಜನಕ್ಕ," ಎಂದಷ್ಟೇ ಹೇಳಿದ್ದಳು. "ನಾ ಕೊಡಾ ಹಿಡಕೊಂಡು ಹಂಗ ನಿಂತಿದ್ದೆ."

ಹಾಗೆ ನಿಂತವಳು ಆಮೇಲೆ ಬಾಯಿ ಬೆಳೆಸಿಕೊಂಡಳು. ತನ್ನ ಮನೆಗೆ ಬರುವ ಸೊಸೆಗೆ ಈ ಗತಿ ಬರಬಾರದು ಎಂದು ಅಂದೇ ಅಂದುಕೊಂಡಳೋ, ಮಗ ಹುಟ್ಟಿದ ಮೇಲೆ ಅಂದುಕೊಂಡಳೋ ಗೊತ್ತಿಲ್ಲ. ಅಂದುಕೊಂಡದ್ದಂತೂ ನಿಜ. ನಾಗವ್ವನಿಗೆ ಲಕ್ವಾ ಹೊಡೆದು ಮಂಚ ಹಿಡಿದ ಮೇಲೆ, ಸೇಡು ತೀರಿಸಿಕೊಳ್ಳಲು ಬೇಕಾದಷ್ಟು ಅವಕಾಶವಿತ್ತು. ಕಸ್ತೂರಿ ಬಾಯಿಗೆ ಬಂದಂತೆ ಬೈಯುತ್ತಲೇ ಆ ಮುದುಕಿಯ ಹೇಲು ಉಚ್ಚೆ ಬಳಿದಳು. ಬೈಗುಳ ನಮಗೆಲ್ಲ ಕೇಳುತ್ತಿತ್ತು. ಮುದುಕಿಯ ಬೆನ್ನಿನಲ್ಲಿ ಒಂದು ಹುಣ್ಣಾಗಲು ಅವಳು ಬಿಡಲಿಲ್ಲ, ಅದನ್ನು ನೋಡಿದವಳು ನಾನೊಬ್ಬಳೇ.

ಇನ್ನು ಲಾಡ್ಜಿನ ವಿಷಯ. ಹಳೆಯ ಯಜಮಾನರು ತೀರಿಕೊಂಡು ಮಗ ಪ್ರೀತಮ್ ಕೈಗೆ ಅದು ಬಂದಾಗ ಲಾಡ್ಜ್ ಎಂಬ ಬೋರ್ಡು ಇಳಿದು ರೆಸಿಡೆನ್ಸಿ ಎಂಬ ಬೋರ್ಡು ಏರಿತು. ಜಿರಳೆಗಳು ಮಾತ್ರ ಹಳೆಯವೇ. ಪ್ರೀತಮ್ ಇರುವುದು ಬೊರಿವಲಿಯ ಟವರಿನಲ್ಲಿ. ಕಾರಿಡಾರಿನ ಕ್ಯಾಮೆರಾವನ್ನು ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡುತ್ತಾನೆ. ಕೌಂಟರಿನಲ್ಲಿ ಕೂರುವ ಮ್ಯಾನೇಜರ್ ಧರ್ಮಣ್ಣ ಮಾತ್ರ ಅಪ್ಪನ ಕಾಲದವನು, ನಮ್ಮ ಊರಿನ ಕಡೆಯವನೇ. ಸಣ್ಣ ಲಾಡ್ಜಿನವರೂ ಉಡುಗೊರೆ ಕೂಪನ್ ಮಾರಬೇಕು ಎಂದು ಪ್ರೀತಮ್‌ಗೆ ಎಲ್ಲೋ ಮೀಟಿಂಗಿನಲ್ಲಿ ಹೇಳಿಕೊಟ್ಟರಂತೆ. ಮದುವೆಯ ವಾರ್ಷಿಕೋತ್ಸವಕ್ಕೆ, ಹುಟ್ಟುಹಬ್ಬಕ್ಕೆ ಜನ ಅದನ್ನು ಕೊಂಡು ಯಾರಿಗಾದರೂ ಕೊಡಬೇಕು, ಪಡೆದವರು ಒಂದು ರಾತ್ರಿ ಬಂದು ಇರಬೇಕು. ಪಡೆದವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ, ಅಷ್ಟರಲ್ಲಿ ವಾಯಿದೆ ಮುಗಿಯುತ್ತದೆ, ಅದೇ ಇದರಲ್ಲಿ ಲಾಭ ಎಂದು ಅವನು ಧರ್ಮಣ್ಣನಿಗೆ ವಿವರಿಸಿದ್ದ. ಧರ್ಮಣ್ಣ ಅದನ್ನು ಬಹಳ ಬುದ್ಧಿವಂತಿಕೆಯ ವಿಷಯವೆಂಬಂತೆ ನನಗೆ ಹೇಳಿದಾಗ ನನಗೆ ಮೈ ಉರಿಯಿತು. ಹಾಲಿನ ಪ್ಯಾಕೆಟ್ಟಿಗೆ ತಾರೀಖು ಹಾಕಿದರೆ ಅರ್ಥವುಂಟು, ಹಾಲು ಒಡೆಯುತ್ತದೆ. ಒಂದು ಕೋಣೆಯಲ್ಲಿ ಒಡೆಯುವಂಥದ್ದು ಏನಿದೆ?

ಆ ವರ್ಷದ ದೀಪಾವಳಿಗೆ ಕೆಲಸದವರಿಗೆಲ್ಲ ಮಿಠಾಯಿ ಡಬ್ಬಿಯ ಜೊತೆ ಒಂದೊಂದು ಕೂಪನ್ ಸಿಕ್ಕಿತು. ಲಕ್ಷ್ಮೀಪೂಜೆಯ ದಿನ ಪ್ರೀತಮ್ ತಾನೇ ಬಂದು ಹಂಚಿದ. ಎರಡು ಜನಕ್ಕೆ ಒಂದು ರಾತ್ರಿ, ಎಸಿ ಕೋಣೆ, ಬೆಳಗಿನ ನಾಷ್ಟಾ. ಉಳಿದವರು ಗೊಣಗಿದರು, ಒಬ್ಬ ಅದನ್ನು ಅಲ್ಲೇ ಹರಿದು ಹಾಕಿದನಂತೆ. ಕಸ್ತೂರಿ ಮಾತ್ರ ಎರಡೂ ಕೈಯಲ್ಲಿ ಇಸಕೊಂಡು ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದಳು. ಪ್ರೀತಮ್ ನಗುತ್ತಾ, "ಅಗಲೀ ದಿವಾಲಿ ತಕ್ ಚಲೇಗಾ, ಮಾವ್‌ಶಿ," ಎಂದ. ಮುಂದಿನ ದೀಪಾವಳಿಯವರೆಗೆ ನಡೆಯುತ್ತದೆ ಎಂಬ ಆ ಮಾತು ಕೇಳಿಕೊಂಡು ಮನೆಗೆ ಬಂದು, ಕೂಪನ್ನನ್ನು ಈಶ್ವರನ ಕೈಲಿ ಓದಿಸಿದಳು. ಕೊಟ್ಟ ದಿನದಿಂದ ಒಂದು ವರ್ಷ ಎಂದು ಬರೆದಿದೆ ಎಂದ. ಎರಡೂ ಒಂದೇ ಮಾತು ಎಂದು ಯಾರಿಗಾದರೂ ಅನಿಸುತ್ತದೆ. ಕೂಪನ್ನಿಗೆ ವಿಭೂತಿ ಹಚ್ಚಿ ದೇವರ ಮಾಡದಲ್ಲಿಟ್ಟಳು. ಈಶ್ವರನ ಸೋಬಾನಕ್ಕೆ ಇದು, ಅಲ್ಲಿಯ ತನಕ ಯಾರೂ ಮುಟ್ಟಕೂಡದು ಎಂದಳು. ಹುಡುಗಿಯೇ ಗೊತ್ತಾಗಿರಲಿಲ್ಲ. ನಾನು ತಮಾಷೆ ಮಾಡಿದೆ, ಹಾಸಿಗೆ ಸಿಕ್ಕಿತು, ಇನ್ನು ಸೊಸೆ ಸಿಕ್ಕರಾಯಿತು ಎಂದು. ಅವಳು ನಗಲಿಲ್ಲ.

ಹುಡುಗಿ ಗೊತ್ತಾದದ್ದು ಬೇಸಿಗೆ ಕಳೆಯುವ ಹೊತ್ತಿಗೆ. ಶಿವಕುಮಾರಿ ಅಂತ, ಇಂಡಿಯ ಹತ್ತಿರದ ಹಳ್ಳಿಯವಳು. ಮನೆ ನೋಡಲು ಅವಳ ತಾಯಿ ಮತ್ತು ಸೋದರಮಾವ ಶಾಂತಪ್ಪ ಮುಂಬೈಗೆ ಬಂದರು. ಚಹಾ ಕೊಟ್ಟವಳು ನಾನೇ, ಆದ್ದರಿಂದ ಎಲ್ಲ ಕಣ್ಣಾರೆ ಕಂಡೆ. ಆ ತಾಯಿ ಕೋಣೆಯನ್ನು ನೋಡಿದಳು, ಮೂಲೆಯಲ್ಲಿ ಸ್ನಾನಕ್ಕಿದ್ದ ಮೋರಿ ನೋಡಿದಳು, ಮಂಚದ ಮೇಲಿನ ನಾಗವ್ವನನ್ನು ನೋಡಿದಳು. ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ, ಅದೆಲ್ಲ ಒಪ್ಪಿಗೆಯೇ. ಕಡೆಗೆ ತಲೆ ತಗ್ಗಿಸಿ ಒಂದೇ ಮಾತು ಕೇಳಿದಳು, ಹುಡುಗಿ ಎಲ್ಲಿ ಮಲಗುತ್ತಾಳೆ ಎಂದು. ಗಂಡಸರು ಗಂಟಲು ಸರಿಮಾಡಿಕೊಂಡರು. ಕಸ್ತೂರಿ ಮಾಡದಿಂದ ಕೂಪನ್ ತೆಗೆದು ಅವಳ ಕೈಯಲ್ಲಿಟ್ಟಳು. ಮೊದಲ ರಾತ್ರಿ ನಿಮ್ಮ ಮಗಳು ಬಾಗಿಲಿಗೆ ಚಿಲಕ ಹಾಕಿಕೊಂಡು ಮಲಗುತ್ತಾಳೆ, ಇದು ನನ್ನ ಮಾತು ಎಂದಳು. ಆಮೇಲಿನ ದಿನಗಳಿಗೆ ತಾನು ಹೊರಗೆ ಗ್ಯಾಲರಿಯಲ್ಲಿ ಹಾಸಿಕೊಳ್ಳುತ್ತೇನೆ ಎಂದೂ ಹೇಳಿದಳು. ಅತ್ತೆಯನ್ನು ಮಾತ್ರ ಹೊರಗೆ ಮಲಗಿಸಲು ಬರುವುದಿಲ್ಲ. ಒಂದು ರಾತ್ರಿ ಗಂಡ ಹೆಂಡತಿ ಮೂರನೆಯವರ ಕಿವಿ ಇಲ್ಲದೆ ಮಾತಾಡಿಕೊಂಡರೆ ಉಳಿದ ರಾತ್ರಿಗಳನ್ನು ಹೇಗೋ ತಡೆದುಕೊಳ್ಳಬಹುದು ಎಂಬುದು ಅವಳ ನಂಬಿಕೆ. ಬೀಗತಿ ಕಣ್ಣೊರೆಸಿಕೊಂಡು ಒಪ್ಪಿದಳು.

ಮದುವೆ ಬೇಗ ಮಾಡಲು ಆಗಲಿಲ್ಲ. ಆಷಾಢದಲ್ಲಿ ಮಾಡುವಂತಿಲ್ಲ. ಅದು ಮುಗಿಯಿತು ಎನ್ನುವಾಗ ಆ ವರ್ಷ ಅಧಿಕ ಶ್ರಾವಣ ಬಂತು, ಅದರಲ್ಲೂ ಇಲ್ಲ. ನಿಜ ಶ್ರಾವಣದಲ್ಲಿ ಈಶ್ವರನಿಗೆ ರಜೆ ಸಿಗಲಿಲ್ಲ, ಆಮೇಲೆ ಪಿತೃಪಕ್ಷ. ಕಡೆಗೆ ಶಾಂತಪ್ಪ ಮಠದ ಸ್ವಾಮಿಗಳನ್ನು ಕೇಳಿ ದಸರೆ ಮುಗಿದ ಮೇಲೆ, ದೀಪಾವಳಿಯ ಒಳಗೆ ಎಂದು ನಿಗದಿ ಮಾಡಿದ. ಮದುವೆ ಊರಲ್ಲಿ, ಸೋಬಾನ ಮುಂಬೈಯಲ್ಲಿ. ದೀಪಾವಳಿಗೆ ಮುಂಚೆಯೇ ಆಯಿತಲ್ಲ ಎಂದು ಕಸ್ತೂರಿ ನಿರಾಳವಾದಳು. ಅಧಿಕ ಮಾಸ ಬಂದ ವರ್ಷ ದೀಪಾವಳಿ ಹೋದ ವರ್ಷದ ತಾರೀಖಿಗೆ ಬರುವುದಿಲ್ಲ, ಬಹಳ ದಿನ ತಡವಾಗಿ ಬರುತ್ತದೆ. ಇದು ನಮಗೆಲ್ಲ ಗೊತ್ತಿದ್ದ ವಿಷಯವೇ. ಹಬ್ಬ ಈ ಸಲ ತಡ ಎಂದು ದಿನಾ ಆಡಿಕೊಂಡೂ ಇದ್ದೆವು. ಆದರೆ ಹಬ್ಬ ಸರಿದರೆ ಕೂಪನ್ನಿನ ವರ್ಷ ಸರಿಯುವುದಿಲ್ಲ ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ದೀಪಾವಳಿಯಿಂದ ದೀಪಾವಳಿಗೆ ವರ್ಷ ಎಂದೇ ನಾವು ಹುಟ್ಟಿದಾಗಿನಿಂದ ಎಣಿಸಿದ್ದು. ಆ ಕೂಪನ್ನಿನ ವಾಯಿದೆ ದಸರೆಯ ಹೊತ್ತಿಗೇ ಮುಗಿದಿತ್ತು.

ಮದುವೆಗೆ ಹೊರಡುವ ಮೊದಲೇ ಕಸ್ತೂರಿ ಧರ್ಮಣ್ಣನಿಗೆ ದಿನ ತಿಳಿಸಿದ್ದಳು. ಅವನು ತಾರೀಖು ನೋಡಲಿಲ್ಲ, ಆಯ್ತು ಮಾರಾಯ್ತಿ, ಆರನೇ ನಂಬರು ಇಟ್ಟಿರುತ್ತೇನೆ ಎಂದಿದ್ದ. ಮದುವೆ ಮುಗಿಸಿ ಬಂದು, ಸೋಬಾನದ ದಿನ ಕಸ್ತೂರಿ ರಜೆಯಲ್ಲಿದ್ದರೂ ಮಧ್ಯಾಹ್ನ ಹೋಗಿ ಆ ಕೋಣೆಯನ್ನು ತಾನೇ ತಿಕ್ಕಿ ಬಂದಳು. ಬಚ್ಚಲಿನ ಹೆಂಚುಗಳ ಸಂದಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ ಎಂದು ನನಗೆ ಹೇಳಿದಾಗ ಅವಳ ಮುಖದಲ್ಲಿದ್ದ ಸಂತೋಷ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಶಿವಕುಮಾರಿಗೂ ಅದನ್ನೇ ವರ್ಣಿಸಿದಳು: ಬಿಳಿ ಚಾದರ, ತಿರುವಿದರೆ ಬಿಸಿನೀರು, ತಲೆಯಿಂದ ಕಾಲಿನ ತನಕ ಕಾಣುವ ಕನ್ನಡಿ. ಹುಡುಗಿ ತಲೆ ತಗ್ಗಿಸಿಕೊಂಡೇ ಎಲ್ಲ ಕೇಳಿಸಿಕೊಂಡಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಟೆವು. ಗಂಡ ಸತ್ತವಳು ಎಂದು ಕಸ್ತೂರಿ ಆರತಿ ತಟ್ಟೆ ಮುಟ್ಟಲಿಲ್ಲ, ಆದ್ದರಿಂದ ಮುತ್ತೈದೆಯ ಪಾಲಿಗೆ ನಾನು. ಶಿವಕುಮಾರಿ ಹಸಿರು ಬಳೆ, ಇಳಕಲ್ ಸೀರೆ, ಮುಡಿ ತುಂಬ ಮಲ್ಲಿಗೆ. ಈಶ್ವರ ಹೊಸ ಅಂಗಿಯಲ್ಲಿ ಬೆವೆತು ಹೋಗಿದ್ದ. ಧರ್ಮಣ್ಣ ನಮ್ಮನ್ನು ನೋಡಿ ಎದ್ದು ನಿಂತು ಕೂರಿಸಿದ, ಕೂಪನ್ ತೆಗೆದುಕೊಂಡು ಕಂಪ್ಯೂಟರಿನಲ್ಲಿ ನಂಬರು ಒತ್ತಿದ. ಇನ್ನೊಮ್ಮೆ ಒತ್ತಿದ. ಆಮೇಲೆ ಕನ್ನಡಕ ತೆಗೆದು ಕೂಪನ್ನನ್ನು ಕಣ್ಣಿನ ಹತ್ತಿರ ಹಿಡಿದ. ಅವನ ಮುಖ ಇಳಿದದ್ದು ನನಗೆ ಕಂಡಿತು.

ವಾಯಿದೆ ಮುಗಿದಿದೆ ಎಂದ. ದೀಪಾವಳಿ ಇನ್ನೂ ಬಂದೇ ಇಲ್ಲವಲ್ಲ ಎಂದು ಕಸ್ತೂರಿ ಹೇಳಿದಳು, ಅವನಿಗೆ ಮರೆತು ಹೋಗಿರಬೇಕು ಎನ್ನುವ ಹಾಗೆ, ಮೆಲ್ಲಗೆ. ಅವನು ಪ್ರೀತಮ್‌ಗೆ ಫೋನು ಮಾಡಿದ. ನಮಗೆ ಕೇಳಿಸಿದ್ದು ಅವನ ಹೂಂ ಹೂಂ ಮಾತ್ರ. ಫೋನು ಇಟ್ಟು ವಿವರಿಸಿದ: ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ, ರೂಲ್ ಅಂದರೆ ರೂಲ್. ಈಶ್ವರ ಬಾಡಿಗೆ ಕೊಟ್ಟೇ ಇರುತ್ತೇವೆ ಎಂದ. ಅದೂ ಆಗುವುದಿಲ್ಲವಂತೆ. ಇಬ್ಬರ ಕಾರ್ಡೂ ಬೇಕು, ಈಶ್ವರನ ಆಧಾರಿನಲ್ಲಿ ಇರುವುದು ಜೋಗೇಶ್ವರಿಯ ವಿಳಾಸ. ಮುಂಬೈಯವರಿಗೇ ಮುಂಬೈಯ ಲಾಡ್ಜು ಕೋಣೆ ಕೊಡುವುದಿಲ್ಲ, ಪೊಲೀಸರ ಕಿರಿಕಿರಿ. ಕೂಪನ್ ಇದ್ದವರಿಗೆ ಮಾತ್ರ ಆ ನಿಯಮ ಇಲ್ಲ, ಯಾಕೆಂದರೆ ಕೂಪನ್ ಕೊಳ್ಳುವವರು ಇಲ್ಲಿನವರೇ. ಇವರ ಹತ್ತಿರ ಇರುವುದು ಈಗ ಕೂಪನ್ ಅಲ್ಲ, ಬರೀ ಕಾಗದ.

ನಾನು ತುಳುವಿನಲ್ಲಿ ಶುರುಮಾಡಿದೆ. ಊರಿನ ಭಾಷೆಗೆ ಕರಗಿಯಾನು ಎಂಬ ಆಸೆ. ನಿನ್ನ ಹೆಣ್ಣುಮಕ್ಕಳನ್ನು ನೆನಪು ಮಾಡಿಕೋ ಎಂದೆ. ಹಳೆಯ ಯಜಮಾನರು ಇದ್ದಿದ್ದರೆ ಹೀಗೆ ಮಾಡುತ್ತಿದ್ದರೇ ಎಂದೆ. ಆಮೇಲೆ ಬೈದೆ ಕೂಡ. ಅವನು ಕಾರಿಡಾರಿನ ಕ್ಯಾಮೆರಾದ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

"ನಾನೆಂತ ಮಾಡುದು ರಂಜನಾ, ಈ ವಯಸ್ಸಲ್ಲಿ ನನ್ನನ್ನು ಬೇರೆ ಯಾರು ಕೆಲಸಕ್ಕೆ ಇಟ್ಟುಕೊಳ್ತಾರೆ, ನೀನೇ ಹೇಳು," ಎಂದ.

ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದರಿಂದ ಅದು ಇನ್ನೂ ಹೆಚ್ಚಾಗಿದೆ. ಅಷ್ಟು ಹೊತ್ತೂ ಶಿವಕುಮಾರಿ ಕೌಂಟರಿನ ಪಕ್ಕದ ಸೋಫಾದಲ್ಲಿ ಕೂತಿದ್ದಳು. ಕೀ ತೆಗೆದುಕೊಳ್ಳಲು ಬಂದ ಗಂಡಸರು ಅವಳನ್ನೂ ಅವಳ ಹೂವನ್ನೂ ನೋಡಿ, ಈಶ್ವರನನ್ನು ನೋಡಿ, ಒಬ್ಬರಿಗೊಬ್ಬರು ಮುಖ ನೋಡಿ ನಕ್ಕು ಹೋಗುತ್ತಿದ್ದರು. ಅವಳು ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಕಸ್ತೂರಿಬಾಯಿ, ಆ ಬಾಯಿಯ ಕಸ್ತೂರಿಬಾಯಿ, ಒಂದು ಮಾತೂ ಆಡಲಿಲ್ಲ. ಸೊಸೆಯ ಎದುರಿಗೆ ಹೋಗಿ ಅವರ ನೋಟಕ್ಕೆ ಅಡ್ಡವಾಗಿ ಬೆನ್ನು ಮಾಡಿ ನಿಂತಳು.

ಸ್ಟೇಷನ್ನಿನ ಸುತ್ತ ಇದ್ದ ಬೇರೆ ಲಾಡ್ಜುಗಳಿಗೂ ಹೋದೆವು. ಎಲ್ಲರೂ ಆಧಾರ್ ಕಾರ್ಡು ನೋಡಿ ಲೋಕಲ್ ಐಡಿ ನಡೆಯುವುದಿಲ್ಲ ಎಂದರು. ತಾಳಿ ಕಟ್ಟಿದ ಹೆಂಡತಿ, ಕೈಯಲ್ಲಿ ಆರತಿ ತಟ್ಟೆ ಹಿಡಿದ ನಾನು, ಗಂಡನ ತಾಯಿ, ಇಷ್ಟೆಲ್ಲ ಕಣ್ಣೆದುರು ಇದ್ದರೂ ಕಾರ್ಡಿನ ವಿಳಾಸವೇ ಅವರಿಗೆ ಹೆಚ್ಚಾಯಿತು. ಕಡೆಯ ಲಾಡ್ಜಿನಿಂದ ಹೊರಬಂದಾಗ ಈಶ್ವರ, "ಚಲ್ ಅವ್ವಾ, ಬಸ್ ಹೋ ಗಯಾ, ಸಾಕಾತು, ಮನೀಗೆ ಹೋಗೂಣು," ಎಂದ. ನನ್ನ ಮನೆಯನ್ನಾದರೂ ಬಿಟ್ಟುಕೊಡುತ್ತಿದ್ದೆ. ಆದರೆ ಊರಿನಿಂದ ನಾದಿನಿಯ ಸಂಸಾರ ಬಂದು ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಸೋಬಾನವನ್ನು ಮುಂದಕ್ಕೆ ಹಾಕೋಣ ಎಂದರೆ ಈಶ್ವರನ ರಜೆ ಮುಗಿದಿತ್ತು. ಮುಂದಕ್ಕೆ ಹಾಕಿದ್ದರೂ ಹೋಗುವುದು ಎಲ್ಲಿಗೆ?

ನಾಗವ್ವನ ಮಂಚದ ಪಕ್ಕದಲ್ಲಿ ಒಂದು ಸೀರೆ ಕಟ್ಟಿದರು. ಕಟ್ಟಿದವಳು ಕಸ್ತೂರಿಯೇ. ಆರತಿ ಮಾಡುವಾಗ ಹಾಡು ಹಾಡಬೇಕಾಗಿತ್ತು, ನನ್ನಿಂದ ಆಗಲಿಲ್ಲ. ಕಸ್ತೂರಿ ಹೊರಗೆ ಗ್ಯಾಲರಿಯಲ್ಲಿ ಚಾಪೆ ಹಾಸಿಕೊಂಡಳು. ಚಾಳಿನ ಗೋಡೆಗಳ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮುದುಕಿ ನೀರಿಗೆ ಕೂಗಿದ್ದು, ಆಮೇಲೆ ಹಾಸಿಗೆ ಒದ್ದೆಯಾಯಿತು ಎಂದು ಕೂಗಿದ್ದು ನನಗೇ ಕೇಳಿಸಿತು. ಎರಡು ಸಲವೂ ಎದ್ದದ್ದು ಹೊಸ ಸೊಸೆ. ಅವಳ ಬಳೆಗಳ ಸದ್ದಿನಿಂದ ಗೊತ್ತಾಗುತ್ತಿತ್ತು. ಒಳಗೆ ಹೋಗಲೂ ಆಗದೆ, ಹೊರಗೆ ಮಲಗಲೂ ಆಗದೆ ಕಸ್ತೂರಿ ಗೋಡೆಗೆ ಒರಗಿ ಕೂತೇ ಇದ್ದಳು.

ಬೆಳಿಗ್ಗೆ ನಲ್ಲಿಗೆ ಹೋದಾಗ ಶಿವಕುಮಾರಿ ಮುದುಕಿಯ ಬಟ್ಟೆ ಒಗೆಯುತ್ತಿದ್ದಳು. ಸಾಲಿನಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿದರು. ಯಾರೂ ನಗಲಿಲ್ಲ, ನಮ್ಮ ಚಾಳಿನ ಬಗ್ಗೆ ಹೇಳಬಹುದಾದ ಒಂದು ಒಳ್ಳೆಯ ಮಾತು ಅದು. ಆದರೆ ಅವರ ಕಣ್ಣುಗಳಲ್ಲಿದ್ದ ಅಯ್ಯೋ ಪಾಪ ನಗುವಿಗಿಂತ ಕೆಟ್ಟದಾಗಿತ್ತು. ಹುಡುಗಿ ತಲೆ ಎತ್ತಲಿಲ್ಲ.

ಕಸ್ತೂರಿ ಕೆಲಸಕ್ಕೆ ಹೋದಳು. ಹೋಗದೆ ಇನ್ನೇನು ಮಾಡುತ್ತಾಳೆ. ಸಂಜೆ ಬಂದು ನನ್ನ ಹೊಲಿಗೆ ಮಶೀನಿನ ಪಕ್ಕ ಕೂತಳು. ಧರ್ಮಣ್ಣ ಬೆಳಿಗ್ಗೆ ಕೀಗಳನ್ನು ಕೊಟ್ಟನಂತೆ, ಅದರಲ್ಲಿ ಆರನೇ ನಂಬರಿನದೂ ಇತ್ತಂತೆ. ಬಾಗಿಲು ತೆಗೆದು ನೋಡಿದರೆ ಅವಳು ಹಾಸಿದ ಚಾದರ ಹಾಸಿದ ಹಾಗೇ ಇತ್ತು. ರಾತ್ರಿ ಯಾರಿದ್ದರು ಎಂದು ಅವನನ್ನು ಕೇಳಿದಳು. ಯಾರೂ ಇಲ್ಲ, ಖಾಲಿ ಇತ್ತು ಎಂದನಂತೆ, ಅವಳ ಮುಖ ನೋಡದೆ.

"ಖಾಲಿ ಇತ್ತಂತ ರಂಜನಕ್ಕ," ಎಂದಳು. "ರಾತ್ರಿ ಪೂರ್ತಿ ಖಾಲಿ ಇತ್ತಂತ."

ಯಾರಿಗಾದರೂ ಕೊಟ್ಟಿದ್ದರೆ, ಅವರಾದರೂ ಮಲಗಿದ್ದರು ಎಂದುಕೊಳ್ಳಬಹುದಿತ್ತು.

ಅವಳು ಎದ್ದು ಮನೆಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಲು ಕೂತಳು. ನಾನೂ ಹಿಂದೆಯೇ ಹೋದೆ, ಒಬ್ಬಳನ್ನೇ ಬಿಡಲು ಮನಸ್ಸಾಗಲಿಲ್ಲ. ಈಶ್ವರ ಇನ್ನೂ ಬಂದಿರಲಿಲ್ಲ. ಆಗ ಊರಿನಿಂದ ಶಿವಕುಮಾರಿಯ ಫೋನಿಗೆ ಅವಳ ತಾಯಿ ಕರೆ ಮಾಡಿದಳು. ಆ ಫೋನು ಸ್ಪೀಕರಿನಲ್ಲಿಟ್ಟರೆ ಮಾತ್ರ ಕೇಳಿಸುವಂಥದ್ದು, ಹಾಗಾಗಿ ಎಲ್ಲವೂ ನಮಗೆ ಕೇಳಿಸಿತು. ತಾಯಿ ಸುತ್ತಿ ಬಳಸಿ ಊಟ, ಗಾಳಿ, ನೀರು ಎಂದೆಲ್ಲ ಕೇಳಿ ಕಡೆಗೆ ಕೋಣೆ ಹೇಗಿತ್ತು ಎಂದು ಕೇಳಿದಳು.

ಹುಡುಗಿ ಒಮ್ಮೆ ಸೀರೆ ಕಟ್ಟಿದ ಹಗ್ಗದ ಕಡೆ ನೋಡಿದಳು.

"ಭಾಳ ಚೊಲೋ ಇತ್ತವ್ವಾ," ಎಂದಳು. "ಬಿಳೇ ಚಾದರ ಹಾಸಿದ್ರು. ತಿರುವಿದ್ರ ಬಿಸಿನೀರ ಬರ್ತಿತ್ತು. ದೊಡ್ಡ ಕನ್ನಡಿ ಇತ್ತು. ಬಾಗಲಕ್ಕ ಒಳಗ ಚಿಲಕ ಇತ್ತು."

ಒಂದು ಮಾತೂ ತಡವರಿಸಲಿಲ್ಲ. ಕಸ್ತೂರಿಯ ಕೈ ಹಿಟ್ಟಿನಲ್ಲಿ ನಿಂತುಬಿಟ್ಟಿತು. ಆ ಕಡೆಯಿಂದ ತಾಯಿ ಅಳುತ್ತಿದ್ದಳು, ಸಮಾಧಾನದ ಅಳು. ಅತ್ತೆಗೆ ಫೋನು ಕೊಡು ಎಂದಳು. ಶಿವಕುಮಾರಿ ಬೇಡವೆನ್ನಲು ಆಗದೆ ಫೋನನ್ನು ತಂದು ಕಸ್ತೂರಿಯ ಮುಖದ ಹತ್ತಿರ ಹಿಡಿದಳು, ಅವಳ ಕೈ ಹಿಟ್ಟಾಗಿತ್ತಲ್ಲ.

"ಅಕ್ಕಾರ, ಕೊಟ್ಟ ಮಾತ ಉಳಸಕೊಂಡ್ರಿ," ಎಂದಿತು ಫೋನಿನ ದನಿ. "ನಿಮ್ಮಂಥಾ ಮನೀಗೆ ಮಗಳನ್ನ ಕೊಟ್ಟೀನಿ, ಇನ್ನ ನನಗ ಚಿಂತಿ ಇಲ್ರಿ."

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಮದುವೆಯಾದ ಮೇಲೆ ಅವರಿಬ್ಬರೂ ಹಾಗೆ ನೇರವಾಗಿ ನೋಡಿಕೊಂಡದ್ದು ನನಗೆ ತಿಳಿದಂತೆ ಅದೇ ಮೊದಲು. ಆ ಕಡೆಯಿಂದ ಅಕ್ಕಾರ, ಅಕ್ಕಾರ ಎಂದು ಬೀಗತಿ ಕರೆಯುತ್ತಲೇ ಇದ್ದಳು.

"ಊಟ ಆತೇನ್ರಿ?" ಎಂದು ಕೇಳಿದಳು ಕಸ್ತೂರಿಬಾಯಿ.